ಮೂರ್ಛೆರೋಗದ ಔಷಧ: ಡೋಸ್ ಏರಿಸುವ ವೇಗವನ್ನು ನಿರ್ಧರಿಸುವುದು ಯಾವುದು?

ಮೂರ್ಛೆರೋಗಕ್ಕೆ ಮಾತ್ರೆ ಶುರುವಾದ ಮನೆಯಲ್ಲಿ ಮೊದಲು ಏಳುವ ತಕರಾರು ಡೋಸಿನದು: ಫಿಟ್ಸ್ ನಿಂತಿಲ್ಲ, ಇಷ್ಟು ಚಿಕ್ಕ ಮಾತ್ರೆಯಿಂದ ಏನಾದೀತು? ಇದಕ್ಕೆ ಉತ್ತರ ಹುಡುಕಲು ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್‌ನಲ್ಲಿರುವ ಕನ್ನಡ ಕುಟುಂಬ ದೂರ ಹೋಗಬೇಕಿಲ್ಲ. ಅದೇ ರಾಜ್ಯದ ಪರಾಮಸ್‌ನಲ್ಲಿ ಎಸ್‌ಕೆ ಲೈಫ್ ಸೈನ್ಸ್ ಕಂಪನಿಯಿದೆ. ಅದರ ಮೂರ್ಛೆರೋಗದ ಔಷಧ ಸೆನೊಬಮೇಟ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿದ್ದು 2019ರ ನವೆಂಬರ್‌ನಲ್ಲಿ.

ಆರಂಭದ ಪ್ರಯೋಗಗಳಲ್ಲಿ ಡೋಸನ್ನು ಬೇಗ ಏರಿಸಿದ್ದರು. ಔಷಧ ಪಡೆದ ಮೊದಲ 953 ಜನರಲ್ಲಿ ಮೂವರಿಗೆ ‘ಡ್ರೆಸ್’ ಎಂಬ ತೀವ್ರ ಔಷಧ ಪ್ರತಿಕ್ರಿಯೆ ಕಾಣಿಸಿಕೊಂಡಿತು. ಜ್ವರ, ಮೈಮೇಲೆ ದದ್ದು, ಊದಿದ ಗ್ರಂಥಿಗಳು, ಯಕೃತ್ತಿನಂಥ ಒಳಾಂಗಗಳಿಗೆ ಪೆಟ್ಟು ಇದರ ಲಕ್ಷಣ. ಒಬ್ಬರು ತೀರಿಕೊಂಡರು. ಮುಂದಿನ ಅಧ್ಯಯನದಲ್ಲಿ ಡೋಸ್ 12.5 ಮಿ.ಗ್ರಾಂನಿಂದ ಶುರುವಾಗಿ ಎರಡು ವಾರಕ್ಕೊಮ್ಮೆ 25, 50, 100, 150 ಎಂದು ಏರಿತು. 200 ಮುಟ್ಟುವುದು ಹನ್ನೊಂದನೆಯ ವಾರದಲ್ಲಿ. ಹೀಗೆ ಔಷಧ ಪಡೆದ 1,339 ಜನರಲ್ಲಿ ಒಬ್ಬರಿಗೂ ಡ್ರೆಸ್ ಬರಲಿಲ್ಲ. ಆದರೆ 1,339ರಲ್ಲಿ ಸೊನ್ನೆ ಎಂದರೆ, ಶೇ 95ರ ವಿಶ್ವಾಸಮಿತಿಯಲ್ಲಿ, ನಿಜವಾದ ಪ್ರಮಾಣ ಸುಮಾರು 450ಕ್ಕೆ ಒಂದರವರೆಗೂ ಇರಬಹುದು. ಹಿಂದಿನದು 318ಕ್ಕೆ ಒಂದು. ಸಂಖ್ಯೆಗಳು ಭರವಸೆ ಕೊಡುತ್ತವೆ, ಸಾಬೀತು ಮಾಡುವುದಿಲ್ಲ. ಔಷಧದ ಮಾಹಿತಿಪತ್ರವೂ ಇದನ್ನು ಒಪ್ಪಿಕೊಳ್ಳುತ್ತದೆ. ಒಂದು ಸಾವನ್ನು ಕಂಡಮೇಲೆ ಅಷ್ಟು ಭರವಸೆಯೂ ಸಾಕು ಎಂಬುದು ನನ್ನ ನಿಲುವು.

ಹಾಗೆಂದು ನಿಧಾನವೇ ಎಲ್ಲ ಔಷಧಕ್ಕೂ ನಿಯಮವಲ್ಲ. ಲೆವೆಟಿರಾಸಿಟಮ್ ವಯಸ್ಕರಿಗೆ ಮೊದಲ ದಿನವೇ 500 ಮಿ.ಗ್ರಾಂನಂತೆ ಎರಡು ಹೊತ್ತು ಶುರುವಾಗುತ್ತದೆ. ಅಗ್ಗದ ಔಷಧಗಳಲ್ಲೂ ವೇಗವನ್ನು ನಿರ್ಧರಿಸುವ ಕಾರಣ ಬೇರೆಬೇರೆ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಹಳ್ಳಿಗರಿಗೆ ಕೊಟ್ಟ ಇಂಥ ಔಷಧಗಳು ಫಿನೊಬಾರ್ಬಿಟಾಲ್ ಮತ್ತು ಫೆನಿಟಾಯಿನ್ (ವರದಿ 2001ರ ‘ಲ್ಯಾನ್ಸೆಟ್’ನಲ್ಲಿದೆ). ಫಿನೊಬಾರ್ಬಿಟಾಲ್ ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ಎರಡು ಮೂರು ವಾರ ಬೇಕು. ಅದಕ್ಕೆ ಮೊದಲೇ ‘ಕೆಲಸ ಮಾಡುತ್ತಿಲ್ಲ’ ಎಂದು ಏರಿಸಿದರೆ ತೂಕಡಿಕೆಯಷ್ಟೇ ಲಾಭ. ಫೆನಿಟಾಯಿನ್ ಕಥೆ ಬೇರೆ. ಅದನ್ನು ಕರಗಿಸುವ ಯಕೃತ್ತಿನ ಶಕ್ತಿಗೆ ಮಿತಿಯಿದೆ. ಆ ಮಿತಿಯ ಹತ್ತಿರ ಸ್ವಲ್ಪ ಡೋಸ್ ಹೆಚ್ಚಿಸಿದರೂ ರಕ್ತದ ಮಟ್ಟ ಜಿಗಿದು ನಡಿಗೆ ತಪ್ಪುತ್ತದೆ.

ಲ್ಯಾಮೊಟ್ರಿಜಿನ್‌ನದು ಮತ್ತೆ ಚರ್ಮದ ದದ್ದಿನ ಭಯ. ಒಂಟಿಯಾಗಿದ್ದರೆ ದಿನಕ್ಕೆ 25 ಮಿ.ಗ್ರಾಂ ಎರಡು ವಾರ, ಆಮೇಲೆ 50. ವಾಲ್‌ಪ್ರೊಯೇಟ್ ಜೊತೆಗಿದ್ದರೆ ದಿನ ಬಿಟ್ಟು ದಿನ 25. ಊರಿಗೆ ಬಂದಾಗ ಮಾತ್ರೆ ಮುಗಿದು, ವಾಪಸಾದಮೇಲೆ ಹಳೆಯ ಡೋಸನ್ನೇ ನುಂಗುವವರು ಇದನ್ನು ಗಮನಿಸಬೇಕು. ಐದು ಅರ್ಧಾಯುಗಳಿಗಿಂತ (ಅರ್ಧಾಯು ಎಂದರೆ ರಕ್ತದಲ್ಲಿ ಔಷಧದ ಮಟ್ಟ ಅರ್ಧಕ್ಕಿಳಿಯುವ ಕಾಲ) ಹೆಚ್ಚು ಕಾಲ ಬಿಟ್ಟರೆ ವೈದ್ಯರ ಮಾರ್ಗದರ್ಶನದಲ್ಲಿ ಮೊದಲ ಮೆಟ್ಟಿಲಿನಿಂದಲೇ ಹತ್ತಬೇಕು. ಒಂಟಿ ಔಷಧವಾದರೆ ಆ ಅವಧಿ ಸುಮಾರು ಐದು ದಿನ; ಫೆನಿಟಾಯಿನ್ ಜೊತೆಗಿದ್ದರೆ ಮೂರೇ ದಿನ.