ವಂಶದೊಡನೆ ಬರುವ ಮೂತ್ರಪಿಂಡ ರೋಗ: ಸ್ವಲ್ಪ ಇತಿಹಾಸ

ನಮ್ಮ ಅಜ್ಜ ಧಾರವಾಡದ ಕಡೆಯ ಹಳ್ಳಿಯಲ್ಲಿ ಐವತ್ತು ತುಂಬುವ ಮೊದಲೇ ಮೈ ಬಾತು ತೀರಿಕೊಂಡರು. ‘ಸೊಸಿ ಕಾಲ್ಗುಣ’ ಎಂದು ಹಿರಿಯರು ಅಜ್ಜಿಯನ್ನು ದೂರಿದರಂತೆ. ಅಪ್ಪ ಹೋದದ್ದೂ ಹಾಗೆಯೇ. ಕಳೆದ ವರ್ಷ ಹುಬ್ಬಳ್ಳಿಯ ಅಣ್ಣನ ಮೂತ್ರಪಿಂಡಗಳು ಸೋತಾಗ, ನನ್ನದೊಂದನ್ನು ಕೊಡಲೆಂದು ಪುಣೆಯಿಂದ ಹೊರಟೆ. ಪರೀಕ್ಷೆಯಲ್ಲಿ ನನ್ನವುಗಳಲ್ಲೂ ನೀರುಗುಳ್ಳೆಗಳು ಕಂಡವು. ಇದಕ್ಕೆ ಪಾಲಿಸಿಸ್ಟಿಕ್ ಕಿಡ್ನಿ ರೋಗವೆಂದು ಹೆಸರು. ಬಿ.ಎಸ್ಸಿ. ಓದಿದ ನನಗೂ ತಿಳಿಯದಿದ್ದ ಇದರ ಇತಿಹಾಸವನ್ನು ಆಮೇಲೆ ಹುಡುಕಿ ಓದಿದೆ. ಅದನ್ನೇ ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ.

ರೋಗ ಹಳೆಯದು. 1586ರಲ್ಲಿ ಪೋಲೆಂಡಿನ ದೊರೆ ಸ್ಟೀಫನ್ ಬಾಥೋರಿ ಮಡಿದಾಗ, ಅವನ ಮೂತ್ರಪಿಂಡಗಳು ಎತ್ತಿನವುಗಳಷ್ಟು ದೊಡ್ಡವಾಗಿ ಉಬ್ಬುತಗ್ಗಾಗಿದ್ದುವೆಂದು ಶವ ಪರೀಕ್ಷಿಸಿದವರು ಹೇಳಿದರು. ಅದು ಇದೇ ರೋಗವಿರಬೇಕೆಂದು ಇಂದಿನ ವೈದ್ಯರ ಊಹೆ. 1888ರಲ್ಲಿ ಫ್ರಾನ್ಸಿನ ಫೆಲಿಕ್ಸ್ ಲೆಜಾರ್ ಇದಕ್ಕೆ ಈಗಿನ ಹೆಸರನ್ನಿಟ್ಟನು.

ಇದು ತಲೆಮಾರುಗಳಲ್ಲಿ ಇಳಿಯುವ ಬಗೆಯನ್ನು ತೋರಿಸಿದ್ದು ಮಾತ್ರ ಕುಟುಂಬಗಳ ವಿವರ. ಡೆನ್ಮಾರ್ಕಿನ ಡಾಲ್‌ಗಾರ್ಡ್ 284 ರೋಗಿಗಳ ಮತ್ತು ಅವರ ಮನೆಯವರ ವಿವರ ಕಲೆಹಾಕಿ 1957ರಲ್ಲಿ ಪ್ರಕಟಿಸಿದನು. ತಂದೆಗಾಗಲಿ ತಾಯಿಗಾಗಲಿ ರೋಗವಿದ್ದರೆ, ಗಂಡುಹೆಣ್ಣೆನ್ನದೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. 1985ರಲ್ಲಿ, ಬಹುಪಾಲು ಕುಟುಂಬಗಳಲ್ಲಿ ದೋಷವಿರುವುದು 16ನೆಯ ವರ್ಣತಂತುವಿನಲ್ಲೆಂದು ಗೊತ್ತಾಯಿತು. 1994ರಲ್ಲಿ ಆ ಜೀನು ಸಿಕ್ಕಿತು. ಅಜ್ಜಿ ನಿರಪರಾಧಿ.

ಎಳೆ ಮಕ್ಕಳಿಗೆ ಬರುವ ಬಗೆಯೊಂದು ಬೇರೆ ಇದೆ. ಅದಕ್ಕೆ ತಂದೆತಾಯಿ ಇಬ್ಬರಲ್ಲೂ ದೋಷ ಅಡಗಿರಬೇಕು. ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಸೋದರಮಾವನ ಮದುವೆಯಂಥ ರಕ್ತಸಂಬಂಧದಲ್ಲಿ ಈ ಸಂಭವ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ ಮಕ್ಕಳ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಇಂಥ ಮದುವೆಗಳಿದ್ದುವು.

ಭಾರತದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ 1971ರಲ್ಲಿ ವೆಲ್ಲೂರಿನಲ್ಲಿ ನಡೆಯಿತು. ಅಂದಿನಿಂದ ಒಡಹುಟ್ಟಿದವರು ಎಷ್ಟೋ ಜೀವ ಉಳಿಸಿದ್ದಾರೆ. ನಮ್ಮಂಥ ಮನೆತನದಲ್ಲಿ ಕೊಡುವವನನ್ನೇ ಮೊದಲು ಪರೀಕ್ಷಿಸಬೇಕು. ಅಣ್ಣ ಈಗ ಡಯಾಲಿಸಿಸ್‌ನಲ್ಲಿದ್ದಾನೆ.

ಊರು ಬಿಟ್ಟ ನಮಗೆ ಸಾವಿನ ಸುದ್ದಿ ಮುಟ್ಟುತ್ತದೆ, ಕಾರಣ ಮುಟ್ಟುವುದಿಲ್ಲ. ಈ ಸಲ ಊರಿಗೆ ಹೋದಾಗ ಯಾರು, ಯಾವ ವಯಸ್ಸಿನಲ್ಲಿ, ಏತರಿಂದ ತೀರಿಕೊಂಡರೆಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಅನುಮಾನವಿದ್ದರೆ ವೈದ್ಯರಿಗೆ ತೋರಿಸಿರಿ. ರಕ್ತದೊತ್ತಡ ಹತೋಟಿಯಲ್ಲಿದ್ದರೆ ಮೂತ್ರಪಿಂಡ ಹೆಚ್ಚು ಕಾಲ ಬಾಳೀತು. ಇದನ್ನು ಅಜ್ಜನಿಗೆ ಹೇಳುವವರಿರಲಿಲ್ಲ. ನನ್ನ ಮಗನಿಗೆ ನಾನು ಹೇಳಿದ್ದೇನೆ.