ಇದ್ದಿಲು ನುಂಗಿದ ಬಸ್ಸು

ಪೆಟ್ರೋಲ್ ಎಂಜಿನ್ನನ್ನೂ ವಿದ್ಯುತ್ ಮೋಟಾರನ್ನೂ ಒಂದೇ ನೊಗಕ್ಕೆ ಹೂಡಿದ ಹೈಬ್ರಿಡ್ ಕಾರುಗಳು ಈಗ ನಮ್ಮ ಬಿಡದಿಯಲ್ಲಿಯೇ ತಯಾರಾಗುತ್ತಿವೆ. ಕೊಂಡವರಲ್ಲಿ ಕೆಲವರಿಗೆ ಅಷ್ಟರಿಂದ ತೃಪ್ತಿಯಿಲ್ಲ. ಲೀಟರಿಗೆ ಇನ್ನೊಂದು ಮೈಲಿ ಗಿಟ್ಟೀತೇ, ನೋಟಕ್ಕೆ ಇನ್ನಷ್ಟು ಅಂದ ಬಂದೀತೇ ಎಂದು ಚಕ್ರವನ್ನೂ ಮೈಕಟ್ಟನ್ನೂ ತಾವೇ ತಿದ್ದುವ ಉತ್ಸಾಹಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಆದರೆ ಎರಡು ಬಗೆಯ ಇಂಧನವುಂಡು ಓಡುವ ವಾಹನ ನಮ್ಮ ನಾಡಿಗೆ ಹೊಸದೇನಲ್ಲ. ಎಂಬತ್ತು ವರ್ಷಗಳ ಹಿಂದೆಯೇ ನಮ್ಮ ಹಿರಿಯರು ಅಂಥ ತಿದ್ದುಪಡಿ ಮಾಡಿದ್ದರು. ಶೋಕಿಗಾಗಿ ಅಲ್ಲ, ಗತ್ಯಂತರವಿಲ್ಲದೆ.

ಅದು ಎರಡನೆಯ ಮಹಾಯುದ್ಧದ ಕಾಲ. ೧೯೪೧ರಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಮರುವರ್ಷ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಎಣ್ಣೆಬಾವಿಗಳೂ ಕೈತಪ್ಪಿದವು. ಇದರ ಬಿಸಿ ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಿಗೆ ಎಷ್ಟು ತಟ್ಟಿರಬೇಕೆಂದು ಊಹಿಸುವುದು ಕಷ್ಟವಲ್ಲ. ಅರಸೀಕೆರೆಯ ರೈಲು ಕೃಷ್ಣರಾಜನಗರವನ್ನು ಹಾದು ಹೋಗುತ್ತಿತ್ತು; ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಗೆ ರೈಲಿರಲಿಲ್ಲ. ಹುಣಸೂರು ಹಿಂದೆ ಅಮೃತಮಹಲ್ ದನಗಳಿಗೂ ಗಾಡಿಗಳ ತಯಾರಿಕೆಗೂ ಹೆಸರಾಗಿದ್ದ ಊರು, ನಿಜ. ಆದರೆ ಮೈಸೂರಿನಿಂದ ಅದರ ದೂರ ಸುಮಾರು ೪೫ ಕಿಲೋಮೀಟರು. ಎತ್ತಿನ ಗಾಡಿಗೆ ಒಂದಿಡೀ ದಿನದ ಹಾದಿ. ಬಸ್ಸು ನಿಂತಿತೆಂದರೆ ಕಚೇರಿ, ಆಸ್ಪತ್ರೆ, ಪೇಟೆ ಎಲ್ಲವೂ ಅಷ್ಟು ದೂರ ಸರಿದಂತೆಯೇ.

ಆಗ ಸಂಸ್ಥಾನದ ಬಸ್ಸುಗಳು ಇದ್ದಿಲಿಗೆ ಶರಣಾದವು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆಯೊಂದನ್ನು ಕಟ್ಟಿ, ಮೇಲಿನಿಂದ ಇದ್ದಿಲು ಸುರಿದು, ಕೆಳಗೆ ಬೆಂಕಿಯಿಟ್ಟು, ಕೈಯಿಂದ ತಿರುಗಿಸುವ ತಿದಿಯಿಂದ ಗಾಳಿ ಊದುತ್ತಿದ್ದರು. ಗಾಳಿ ಸಾಕಷ್ಟು ದೊರೆಯದೆ ಅರೆಬೆಂದ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಅನಿಲ ಹುಟ್ಟುತ್ತದೆ. ಅದನ್ನು ತಣಿಸಿ, ಸೋಸಿ, ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಉಣಿಸಬೇಕು. ಒಲೆ ಹದಕ್ಕೆ ಬರುವವರೆಗೆ ತುಸು ಪೆಟ್ರೋಲಿನಿಂದ ಎಂಜಿನ್ನನ್ನು ಎಬ್ಬಿಸಿ, ಆಮೇಲೆ ಅನಿಲಕ್ಕೆ ತಿರುಗಿಸಿಕೊಳ್ಳುವುದೂ ಉಂಟು. ಈ ಅನಿಲ ನಿಧಾನವಾಗಿ ಉರಿಯುವುದರಿಂದ ಕಿಡಿ ಹಾರುವ ಕ್ಷಣವನ್ನು ತುಸು ಮುಂದಕ್ಕೆ ತರಬೇಕು. ಎಂಜಿನ್ನಿನ ಒತ್ತಡವನ್ನು ಹೆಚ್ಚಿಸಿದರೆ ಇನ್ನೂ ಲೇಸು.

ಇಷ್ಟೆಲ್ಲ ಮಾಡಿದರೂ ಎಂಜಿನ್ನಿನ ಶಕ್ತಿಯಲ್ಲಿ ಮೂರರಲ್ಲೊಂದು ಪಾಲಾದರೂ ಸೋರಿಹೋಗುತ್ತಿತ್ತು. ದಿಬ್ಬ ಬಂದರೆ ಟಿಕೆಟ್ಟು ಕೊಂಡವರೇ ಇಳಿದು ತಳ್ಳಬೇಕು. ಇನ್ನು ಅಂದದ ಮಾತೆಲ್ಲಿ? ಬೆನ್ನಿಗೆ ಒಲೆ ಹೊತ್ತ ಬಸ್ಸು ಸಂಚಾರಿ ಅಡುಗೆಮನೆಯಂತೆ ಕಾಣುತ್ತಿತ್ತು. ಅನಿಲ ಸೋರಿದರೆ ಪ್ರಾಣಕ್ಕೇ ಸಂಚಕಾರ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೂ ಲೋಕವೇ ಈ ಒಲೆಗೆ ಒಗ್ಗಿಕೊಂಡಿತ್ತು. ಯುದ್ಧ ಮುಗಿಯುವ ವೇಳೆಗೆ ಜರ್ಮನಿಯೊಂದರಲ್ಲಿಯೇ ಇಂಥ ವಾಹನಗಳು ಸುಮಾರು ೫ ಲಕ್ಷವಿದ್ದವು.

ಈ ವ್ಯವಸ್ಥೆಯಿಂದ ಪೆಟ್ರೋಲು ಉಳಿಯಿತು. ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಸುಮಾರು ಒಂದೂವರೆ ಕಿಲೋ ಇದ್ದಿಲು ಬೇಕು. ಹಳೆಯ ಕಾಲದ ಮಣ್ಣಿನ ಗೂಡುಗಳಲ್ಲಿ ಒಂದು ಕಿಲೋ ಇದ್ದಿಲಿಗೆ ಐದಾರು ಕಿಲೋ ಸೌದೆ ಬೇಕಾಗುತ್ತಿತ್ತು. ಎಂದರೆ ಉಳಿಸಿದ ಪ್ರತಿ ಲೀಟರಿಗೂ ಎಂಟೊಂಬತ್ತು ಕಿಲೋ ಮರ ಬೂದಿಯಾಗುತ್ತಿತ್ತು. ಸೇನೆಯ ಮರಮಟ್ಟಿನ ಬೇಡಿಕೆಯಿಂದ ಮೊದಲೇ ಕೊಡಲಿಯ ಬಾಯಿಗೆ ಬಿದ್ದಿದ್ದ ಕಾಡಿಗೆ ಇದು ಇನ್ನೊಂದು ಹೊರೆ. ಊರನ್ನು ಊರಿಗೆ ಜೋಡಿಸಿಟ್ಟ ಆ ಜಾಣ್ಮೆಯನ್ನು ಹಳಿಯುವಂತಿಲ್ಲ. ಕಾಡು ತೆತ್ತ ಬೆಲೆಯನ್ನು ಮರೆಯುವಂತೆಯೂ ಇಲ್ಲ.

ಪೆಟ್ರೋಲು ಮತ್ತೆ ಕೈಗೆಟುಕಿದೊಡನೆ ಇದ್ದಿಲಿನ ಒಲೆಗಳು ಗುಜರಿ ಸೇರಿದವು. ಇಂದಿನ ಹೈಬ್ರಿಡ್ ಕಾರಿನ ದಾರಿಯೇ ಬೇರೆ. ಬ್ರೇಕು ಒತ್ತಿದಾಗ ಬಿಸಿಯಾಗಿ ಪೋಲಾಗುತ್ತಿದ್ದ ಶಕ್ತಿಯಲ್ಲಿ ಒಂದು ಪಾಲನ್ನು ಅದು ಬ್ಯಾಟರಿಯಲ್ಲಿ ಹಿಡಿದಿಟ್ಟು, ಹೊರಡುವಾಗ ಮರಳಿಸುತ್ತದೆ. ಮರದ ಬದಲು ಪೋಲಾಗುವುದನ್ನೇ ಉರಿಸುವ ಬಗೆಯಿದು. ಆದರೆ ಆ ಬ್ಯಾಟರಿಗೆ ಬೇಕಾದ ಲೋಹವೂ ಯಾರದೋ ನೆಲದಿಂದ ಅಗೆದು ತಂದದ್ದೇ. ಉಳಿತಾಯದ ಮಾತು ಬಂದಾಗ ಉಳಿದದ್ದೆಷ್ಟು ಎಂದು ಎಲ್ಲರೂ ಕೇಳುತ್ತಾರೆ. ತೆತ್ತವರಾರು ಎಂದೂ ಕೇಳಬೇಕೆಂಬುದು ಇದ್ದಿಲು ಬಸ್ಸು ಬಿಟ್ಟುಹೋದ ಪಾಠ.