ಪಾಲಿಸಿದಾರನ ಕಾಲಾವಕಾಶ
ಭಾರತದಲ್ಲಿ ಜೀವವಿಮೆ ಕೊಳ್ಳುವವರಿಗೆ 1938ರ ವಿಮಾ ಕಾಯಿದೆಯ 45ನೆಯ ಕಲಮು ಹಳೆಯ ಆಸರೆಯಾಗಿದ್ದು, ಪಾಲಿಸಿ ಜಾರಿಯಾಗಿ ಎರಡು ವರ್ಷ ಕಳೆದ ಮೇಲೆ, ಅರ್ಜಿಯಲ್ಲಿ ತಪ್ಪು ಮಾಹಿತಿಯಿತ್ತೆಂದು ಕಂಪನಿಯು ಹಣ ನಿರಾಕರಿಸಬೇಕಾದರೆ ವಂಚನೆಯನ್ನು ಸಾಬೀತುಪಡಿಸಬೇಕೆಂದು ಅದು ವಿಧಿಸಿತ್ತು. 2015ರ ತಿದ್ದುಪಡಿಯು ಈ ಅವಧಿಯನ್ನು ಮೂರು ವರ್ಷಕ್ಕೆ ಏರಿಸಿತಾದರೂ, ಆ ಬಳಿಕ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲವೆಂದು ಹೇಳಿದ್ದರಿಂದ ವಾರಸುದಾರರ ಸ್ಥಿತಿ ಒಟ್ಟಿನಲ್ಲಿ ಬಲಗೊಂಡಿತೆನ್ನಬೇಕು. ಕೊಳ್ಳುವ ಹೊತ್ತಿನ ತಿಳಿವಳಿಕೆಯತ್ತ ನಿಯಮಗಳು ಹೊರಳಿದ್ದು ತಡವಾಗಿಯೇ: ಪಾಲಿಸಿ ಕೈಸೇರಿದ 15 ದಿನಗಳೊಳಗೆ, ಷರತ್ತುಗಳು ಒಪ್ಪಿಗೆಯಾಗದಿದ್ದರೆ ಅದನ್ನು ಹಿಂದಿರುಗಿಸಿ, ಮುದ್ರಾಂಕ ಶುಲ್ಕ, ವೈದ್ಯಕೀಯ ತಪಾಸಣೆಯ ಖರ್ಚು ಮುಂತಾದವನ್ನು ಕಳೆದು ಉಳಿದ ಕಂತಿನ ಹಣ ಪಡೆಯುವ ‘ಫ್ರೀ ಲುಕ್’ ಅವಕಾಶವನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2002ರ ನಿಯಮಾವಳಿಯಲ್ಲಿ ಒದಗಿಸಿತು. 2024ರಲ್ಲಿ ಅದು 30 ದಿನವಾಯಿತು. ವಿಮಾ ಮೊತ್ತ, ಅನ್ವಯಿಸದ ಸಂದರ್ಭಗಳು, ದೂರು ಸಲ್ಲಿಸುವ ಬಗೆಗಳನ್ನು ಸರಳವಾಗಿ ತಿಳಿಸುವ ಗ್ರಾಹಕ ಮಾಹಿತಿ ಪತ್ರವೂ ಕಡ್ಡಾಯವಾಯಿತು.